ಮುರ್ಕಿ ರಸ್ತೆಯ ಚರಂಡಿ ಕಾಯುವ ಗುತ್ಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಳೆಗೆಂದು ತಲೆಯಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಗುತ್ಯಮ್ಮ ರಸ್ತೆಬದಿಯ ಚರಂಡಿಗಿಳಿದು, ಕೊಳೆತ ದರಗೆಲೆಯನ್ನು ಗುದ್ದಲಿಯಿಂದ ಎಳೆದೆಳೆದು ಮೇಲೆ ಹಾಕುತ್ತಿದ್ದಾರೆ. ಊರವರು ಮುರ್ಕಿ ಎನ್ನುವ ತಿರುವಿಗೆ ಬಂದಾಗ ಅವರ ಕೈ ನಿಲ್ಲುತ್ತದೆ. ರಾತ್ರಿಯ ಮಳೆನೀರು ಚರಂಡಿ ಬಿಟ್ಟು ರಸ್ತೆ ದಾಟುತ್ತಿದೆ. ಆಚೆ ಬದಿಯ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಹಳ್ಳಕ್ಕೆ ಬೀಳುತ್ತಿದೆ.

ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದ ಒಳಗೆ, ಗುಡ್ಡ ಹತ್ತಿ ಬರುವ ಈ ರಸ್ತೆಗೆ ಇರುವುದು ಒಂದೇ ಬಸ್ಸು. "ಇನ್ನೊಂದ್ಸಲ ಅಂಚು ಕುಸಿದ್ರೆ ನಾನು ಗಾಡಿ ಮೇಲೆ ತರಲ್ಲ, ಕೆಳಗೇ ತಿರುಗಿಸ್ತೀನಿ" ಎಂದು ಚಾಲಕ ಪ್ರಜ್ವಲ್ ಮೊನ್ನೆಯಷ್ಟೇ ಹೇಳಿ ಹೋಗಿದ್ದಾನೆ. ಅವನು ಬರುವ ಹೊತ್ತು ಹತ್ತಿರವಾಗುತ್ತಿದೆ.

ಪಂಚಾಯ್ತಿಯ ಕೆಲಸವೆಂದು ಈ ಚರಂಡಿಗೆ ಇಳಿದವರು ಗುತ್ಯಮ್ಮ. ಆ ಕೆಲಸ ಮುಗಿದು ಎಷ್ಟೋ ಮಳೆಗಾಲ ಕಳೆದರೂ ಗುದ್ದಲಿ ಕೆಳಗಿಟ್ಟಿಲ್ಲ. ಯಾಕೆಂದು ಕೇಳಿದರೆ ರಸ್ತೆಯ ಕಡೆ ಕೈ ತೋರಿಸುತ್ತಾರೆ. "ನಮ್ಮತ್ತೆಗೆ ಹುಷಾರಿಲ್ದಾಗ ರಸ್ತೆ ಇರ್ಲಿಲ್ಲ, ಕುರ್ಚಿಗೆ ಬಿದಿರು ಕಟ್ಟಿ ಹೊತ್ಕಂಡು ಹೋಗಿದ್ವಿ. ದಾರೀಲೇ ಹೋಗ್ಬಿಟ್ರು. ಸೊಸೆ ಬಾಣಂತನಕ್ಕೆ ಆಂಬುಲೆನ್ಸು ಮನೆ ಬಾಗ್ಲಿಗೇ ಬಂತು. ಅಷ್ಟು ಕೊಟ್ಟ ರಸ್ತೆಗೆ ನಾನು ಎಲೆ ತೆಗೆದ್ರೆ ಸವೀತೀನಾ?"

ನೀರು ರಸ್ತೆಗೆ ಹತ್ತಿದ್ದು ಯಾಕೆಂದು ಹುಡುಕಬೇಕಾಗಿಲ್ಲ. ಹೊಸ ಕಾರು ಅಂಗಳಕ್ಕೆ ಹೋಗಲೆಂದು ತಿರುವಿನ ಮನೆಯ ರವೀಶ್ ತಮ್ಮ ಗೇಟಿನೆದುರು ಚರಂಡಿಗೆ ಕಲ್ಲು, ಮಣ್ಣು ತುಂಬಿಸಿದ್ದಾರೆ. ನೀರು ಹೋಗಲು ಅಡಿಯಲ್ಲಿ ಪೈಪು ಹಾಕಿಲ್ಲ. ಗೇಟು ಮಾಡಿಸುವ ಹೆಚ್ಚಿನವರು ಮಾಡುವ ತಪ್ಪೇ ಇದು.

"ರವೀಶಾ, ಬಾ ಮಾರಾಯ ಹೊರಗೆ!"

ರವೀಶ್ ಹಲ್ಲುಜ್ಜುತ್ತಲೇ ಬರುತ್ತಾರೆ. "ಎಂತ ಗುತ್ಯಕ್ಕ, ಬೆಳಗಾಗೋದ್ರೊಳಗೆ ಜಗಳಕ್ಕೆ ಬಂದ್ರಾ?"

"ಜಗಳ ಆಮೇಲೆ ಮಾಡಣ. ಇದನ್ನ ಈಗ ಬಿಡಿಸ್ಬೇಕು."

"ಬಿಡಿಸಿದ್ರೆ ಕಾರು ಒಳಗೇ ಉಳೀತದಲ್ಲ!"

"ಮೊದ್ಲು ಹೊರಗೆ ತಂದು ನಿಲ್ಸು. ನಿನ್ನ ಕಾರಿಗೆ ಮಳೆ ತಾಗಿದ್ರೆ ಜ್ವರ ಬರಲ್ಲ. ನಿನ್ನ ಮಗ್ಳು ಕಾಲೇಜಿಗೆ ಹೋಗೋದು ಎಂತದ್ರಲ್ಲಿ?"

ಬ್ಯಾಗು ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಮಗಳು ಧನ್ಯಶ್ರೀ, "ಅಪ್ಪ, ಪ್ರಾಕ್ಟಿಕಲ್ಸ್ ಇದೆ ಇವತ್ತು" ಎನ್ನುತ್ತಾಳೆ. ರವೀಶ್ ಬಾಯಿ ಮುಕ್ಕಳಿಸಿ ಕಾರು ಹೊರಗೆ ತಂದು ನಿಲ್ಲಿಸುತ್ತಾರೆ, ಹಾರೆ ಹಿಡಿಯುತ್ತಾರೆ. ಅವರು ಕಲ್ಲು ಮೀಟಿದಂತೆ ಗುತ್ಯಮ್ಮ ಮಣ್ಣು ಎಳೆಯುತ್ತಾರೆ. ಕೊನೆಯ ಕಲ್ಲು ಉರುಳಿದ್ದೇ ತಡ, ಕೆಂಪು ನೀರು ಚರಂಡಿಗೆ ನುಗ್ಗುತ್ತದೆ. ರಸ್ತೆಯ ಮೇಲಿನ ಹರಿವು ಸಣ್ಣಗಾಗಿ, ನೋಡನೋಡುತ್ತ ನಿಲ್ಲುತ್ತದೆ.

ರವೀಶ್ ಹಾರೆ ಕೆಳಗಿಡುತ್ತಾರೆ. "ಗೊತ್ತಾಗ್ಲಿಲ್ಲ ಗುತ್ಯಕ್ಕ. ನೀವು ಬರ್ದೇ ಇದ್ದಿದ್ರೆ ರಸ್ತೆನೇ ಹೋಗ್ತಿತ್ತು. ಪೈಪು ತರಿಸ್ತೀನಿ."

"ದೊಡ್ಡದೇ ತರ್ಸು ಮತ್ತೆ. ಎಲೆ ಸಿಗಾಕ್ಕಳ್ದೆ ಇರೋವಂಥದ್ದು." ಇಂಥ ಗೇಟುಗಳಿಗೆಲ್ಲ ಈ ಮಳೆಗಾಲ ಮುಗಿಯುವುದರೊಳಗೆ ಪೈಪು ಬೀಳಬೇಕೆಂಬುದಷ್ಟೇ ಗುತ್ಯಮ್ಮನ ಆಸೆ.

ಅಷ್ಟರಲ್ಲಿ ಬಸ್ಸು ಬರುತ್ತದೆ. ಪ್ರಜ್ವಲ್ ಇಳಿದು, ಕುಸಿದ ಅಂಚನ್ನು ಕಾಲಿನಿಂದ ಒತ್ತಿ ನೋಡುತ್ತಾನೆ. ಮತ್ತೆ ಹತ್ತಿ, ಗುಡ್ಡದ ಬದಿಗೆ ಒತ್ತಿಕೊಂಡು ನಿಧಾನವಾಗಿ ಮುರ್ಕಿ ದಾಟಿಸುತ್ತಾನೆ. ಮೇಲೆ ಹೋಗಿ ತಿರುಗಿ ಬಂದ ಬಸ್ಸಿಗೆ ಧನ್ಯಶ್ರೀ ಹತ್ತುತ್ತಾಳೆ. ಪ್ರಜ್ವಲ್ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾನೆ.

"ಅಮ್ಮ, ನಾಳೆ ಬರ್ಬೋದಾ?"

ಗುತ್ಯಮ್ಮ ಗುದ್ದಲಿಗೆ ಅಂಟಿದ ಮಣ್ಣನ್ನು ನೀರಿನಲ್ಲಿ ತೊಳೆಯುತ್ತ ಹೇಳುತ್ತಾರೆ: "ಬಾ ಮಾರಾಯ. ರಸ್ತೆ ಇರ್ತದೆ."