ಎರವಲು ರೆಕಾರ್ಡಿಗೆ ವಿಭೂತಿ

ಸಿಂಗಪುರದ ಬುಕಿತ್ ಪಂಜಾಂಗ್‌ನ ನಮ್ಮ ಬ್ಲಾಕಿನ ಗಣೇಶನ ಹಬ್ಬದ ಊಟದಲ್ಲಿ ಮಾತು ಹಳೆಯ ಹಾಡುಗಳತ್ತ ತಿರುಗಿತು. ನಾನು ಸುಮ್ಮನಿರಬಹುದಿತ್ತು. ಇಂಗ್ಲೆಂಡಿನ ಒಂದು ಸೈಕೆಡೆಲಿಕ್ ರಾಕ್ ತಂಡದ ಹೆಸರೆತ್ತಿ, "ಅವರ ಮೊದಲ ಆಲ್ಬಮ್ಮೇ ಆಲ್ಬಮ್ಮು. ಆಮೇಲಿಂದೆಲ್ಲ ಬರೀ ಬುದ್ಧಿವಂತಿಕೆ" ಅಂದುಬಿಟ್ಟೆ. ಅದನ್ನು ನಾನು ಕೇಳಿಯೇ ಇರಲಿಲ್ಲ. ಪಾಯಾ ಲೆಬಾರ್‌ನ ಆಫೀಸಿಗೆ ಹೋಗುವಾಗ ಎಂಆರ್‌ಟಿ ರೈಲಿನಲ್ಲಿ ಎಲ್ಲೋ ಓದಿದ ಮಾತು ಅದು.

ಹನ್ನೆರಡನೆಯ ಮಹಡಿಯ ಬೆಂಗಳೂರಿನ ಅಂಕಲ್ ಕೈಯಲ್ಲಿದ್ದ ಕಡುಬನ್ನು ಕೆಳಗಿಟ್ಟರು. ಮರುದಿನ ಆ ಆಲ್ಬಮ್ಮಿನ ರೆಕಾರ್ಡನ್ನು ಎದೆಗವಚಿಕೊಂಡು ಬಂದರು.

"ಕಾಲೇಜಲ್ಲಿ ತಗೊಂಡಿದ್ದು. ಯಾರಿಗೂ ಕೊಟ್ಟಿಲ್ಲ. ನಿಮಗಾದ್ರೆ ಅರ್ಥ ಆಗತ್ತೆ."

ಮರ್ಯಾದೆ ಉಳಿಸಿಕೊಳ್ಳಲು ರೆಕಾರ್ಡ್ ಪ್ಲೇಯರ್ ಕೊಂಡೆ. ಅರ್ಥವೇನೂ ಆಗಲಿಲ್ಲ, ಗಿಟಾರನ್ನು ಬಾವಿಗೆ ಇಳಿಬಿಟ್ಟು ನುಡಿಸಿದಂತಿತ್ತು. ಆದರೂ ಮೂರನೆಯ ಸಲ ಕೇಳುವಾಗ, ಮಡಚುತ್ತಿದ್ದ ಬಟ್ಟೆ ಬಿಟ್ಟು ಕೂತೆ. ಚಿಂತೆ ಶುರುವಾದದ್ದೇ ಆಗ. ಕೈಜಾರಿದರೆ? ಎಸಿ ನೀರು ತೊಟ್ಟಿಕ್ಕಿದರೆ?

ಅಷ್ಟರಲ್ಲಿ ಆಯುಧಪೂಜೆ ಬಂತು. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಬಟ್ಟಲಲ್ಲಿ ವಿಭೂತಿ ನೆನೆಸಿಕೊಟ್ಟರು. ಲ್ಯಾಪ್‌ಟಾಪಿಗೆ, ಮಿಕ್ಸಿಗೆ, ಪ್ಲೇಯರಿಗೆ ಹಚ್ಚಿದ ಮೇಲೆ, ನಿಜವಾಗಿ ದೇವರ ರಕ್ಷೆ ಬೇಕಾದದ್ದು ರೆಕಾರ್ಡಿಗೇ ಅಲ್ಲವೇ ಅನ್ನಿಸಿ ಅದನ್ನು ಹೊರತೆಗೆದೆ.

"ಅಳಿಯಂದ್ರ, ಮಂದಿ ಸಾಮಾನದು. ಅದಕ್ಯಾಕ ಹಚ್ಚತೀರಿ?"

"ನಡುವಿನ ಕಾಗದಕ್ಕಷ್ಟೇ ಅತ್ತೆ."

ನನ್ನ ಮೂರು ಬೆರಳಿಗೆ ಆ ಕಾಗದದ ಅಗಲ ಸಾಲಲಿಲ್ಲ. ಬಿಳಿ ಪಟ್ಟೆಗಳು ಕಪ್ಪು ಗೆರೆಗಳೊಳಗೆ ಇಳಿದವು. ಗಾಬರಿಯಲ್ಲಿ ಸಿಂಕಿಗೆ ಒಯ್ದು ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿದೆ. ಗೆರೆಗಳ ವಿಭೂತಿ ಪೂರ್ತಿ ಹೋಗಲಿಲ್ಲ. ನಡುವಿನ ಕಾಗದ ಉಬ್ಬಿ, ಅರ್ಧ ನನ್ನ ಕೈಗೆ ಬಂತು.

ಸಂಜೆ ಅಂಕಲ್ ಪ್ರಸಾದಕ್ಕೆ ಬಂದಾಗ ರೆಕಾರ್ಡು ತಟ್ಟೆಗಳ ಸ್ಟ್ಯಾಂಡಿನಲ್ಲಿ ಒಣಗುತ್ತಿತ್ತು.

"ಏನಾಯ್ತು ಇದಕ್ಕೆ?"

"ನಮ್ಮತ್ತೆ ಅಂಕಲ್... ಪಾಪ, ಗೊತ್ತಾಗ್ದೆ ಪೂಜೆ ಮಾಡ್ಬಿಟ್ರು."

ಅತ್ತೆ ಕಾಫಿ ಹಿಡಿದು ಎರಡು ಹೆಜ್ಜೆ ಹಿಂದೆಯೇ ನಿಂತಿದ್ದರು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಅಂಕಲ್ ಕಡೆ ತಿರುಗಿದರು.

"ಹೌದ್ರೀ, ನಂದ ತಪ್ಪ. ಕಣ್ಣ ಸರಿ ಕಾಣಂಗಿಲ್ಲ."

ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಹೆಂಗಸು.

ಅಂಕಲ್ ಅಂಗಿಯ ಚುಂಗಿನಿಂದ ರೆಕಾರ್ಡನ್ನು ಬಹಳ ಹೊತ್ತು ಒರೆಸಿದರು. "ಬಿಡಿ ಅಮ್ಮಾ. ದೇವರು ಅಂದ್ಕೊಂಡು ಮಾಡಿದೀರ" ಎಂದು, ಕಾಫಿಯನ್ನೂ ಪೂರ್ತಿ ಕುಡಿದು, ರೆಕಾರ್ಡನ್ನು ಎದೆಗವಚಿಕೊಂಡು ಹೋದರು.

ಬಾಗಿಲು ಹಾಕಿಕೊಂಡ ಮೇಲೆ ನಾನು "ಅತ್ತೆ..." ಎಂದು ತೊದಲಿದೆ.

"ನಾ ಮುಂದಿನ ವಾರ ಹೋಗಾಕಿ. ದಿನಾ ಅವರ ಮಾರಿ ನೋಡಾವರು ನೀವು" ಎಂದು ಕಪ್ಪು ಎತ್ತಿಕೊಂಡು ಒಳಗೆ ನಡೆದರು.

ಆ ವಾರ ಏಳು ದಿನ, ಹನ್ನೆರಡನೆಯ ಮಹಡಿಗೆ ಹೋಗಿ ನಿಜ ಹೇಳಲು ನನಗೆ ಪುರುಸೊತ್ತಿತ್ತು. ಅತ್ತೆ ವಿಮಾನ ಹತ್ತಿದರು.

ಈಗಲೂ ಲಿಫ್ಟಿನಲ್ಲಿ ಸಿಕ್ಕರೆ ಅಂಕಲ್ ಕೇಳುತ್ತಾರೆ: "ಹೇಗಿದಾರೆ ನಿಮ್ಮತ್ತೆ? ಪಾಪ, ಇನ್ನೂ ಅದನ್ನೇ ಮನಸಲ್ಲಿ ಇಟ್ಕೊಂಡಿಲ್ಲ ತಾನೆ? ಸ್ವಲ್ಪ ಟಿಕ್ ಟಿಕ್ ಅನ್ನತ್ತೆ ಅಷ್ಟೆ, ಹಾಡತ್ತೆ ಅಂತ ಹೇಳಿ."

"ಹೇಳ್ತೀನಿ ಅಂಕಲ್" ಎಂದು ನಾನು ಮಹಡಿಯ ಅಂಕಿಗಳನ್ನೇ ನೋಡುತ್ತೇನೆ.