ಶಿವದೇವಿಯನ್ನು ಕೂಡಿಸಲು ಒಂದು ಜಾಗ

ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ ನಮ್ಮ ಮನೆಗೂ ಶಿವದೇವಿಯ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೆ. ಬೆಳಿಗ್ಗೆ ಐದಕ್ಕೆ ಅವಳು ರೊಟ್ಟಿ ಬಡಿಯಲು ಕೂತರೆ ನಮಗೆ ಗಡಿಯಾರ ಬೇಕಾಗುತ್ತಿರಲಿಲ್ಲ. ಲಿಂಗಸೂಗೂರು ಕಡೆಯ ಲಿಂಗಾಯತರ ಹೆಣ್ಣುಮಗಳು. ಗಂಡ ಬಂಡೆಪ್ಪ ಸಿಕಂದರಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಥಾನು ಬಿಚ್ಚಿ ತೋರಿಸುವ ಕೆಲಸದಲ್ಲಿದ್ದ. ಅವನ ಪಗಾರ ಹೊಟ್ಟೆಬಟ್ಟೆಗೆ ಸರಿಹೋಗುತ್ತಿತ್ತು. ಮನೆ ಎದ್ದದ್ದು ಇವಳ ರೊಟ್ಟಿಯಿಂದ. ನಮ್ಮ ಕಡೆಯ ನೌಕರದಾರರ ಮನೆಗಳಿಗೆ, ಎರಡು ಖಾನಾವಳಿಗಳಿಗೆ ಹದಿನಾರು ವರ್ಷ ರೊಟ್ಟಿ ಕೊಟ್ಟಳು. ಮೊದಲು ಒಂದು ಖೋಲಿ ಆಯಿತು, ನಾಲ್ಕು ವರ್ಷ ಬಿಟ್ಟು ಇನ್ನೊಂದು, ಕಡೆಗೆ ಮುಂದಿನ ಪಡಸಾಲೆ. ಪಡಸಾಲೆಗೆ ಶಹಾಬಾದ ಕಲ್ಲು ಹಾಸಿದ ಮಧ್ಯಾಹ್ನ ಬರಿಯ ನೆಲದ ಮೇಲೆ ಅಂಗಾತ ಮಲಗಿ, "ತಣ್ಣಗೈತ್ರಿ ಬಾಯಾರ, ಬಂದು ನೋಡ್ರಿ" ಎಂದು ನನ್ನನ್ನು ಕೂಗಿ ಕರೆದಿದ್ದಳು.

ತೊಂಬತ್ತೇಳರ ಬೇಸಿಗೆಯಲ್ಲಿ ಅವಳ ಎದೆಯಲ್ಲಿ ಗಂಟಿರುವುದು ಮನೆಯವರಿಗೆ ತಿಳಿಯಿತು. ಅವಳಿಗೆ ಅದು ಕಂಡು ಆರು ತಿಂಗಳಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಸರಕಾರಿ ದವಾಖಾನೆಯಲ್ಲಿ ಕೊಯ್ದು ತೆಗೆದರು. ಒಂದು ವರ್ಷ ಆರಾಮಿದ್ದಳು, ಮತ್ತೆ ರೊಟ್ಟಿಗೂ ಕೂತಳು. ಮರುವರ್ಷ ಮಳೆ ಶುರುವಾಗುವ ಹೊತ್ತಿಗೆ ಬೆನ್ನು ನೋಯತೊಡಗಿತು. ಡಾಕ್ಟರು ಫೋಟೋ ತೆಗೆಸಿ ನೋಡಿ, ಬೇನೆ ಎಲುಬಿಗೆ ಇಳಿದಿದೆ ಎಂದರು. ಹೊರಗಿನಿಂದ ತರಿಸಬೇಕಾದ ಒಂದು ಔಷಧ ಇದೆ, ಅದು ಗುಣ ಮಾಡುವುದಿಲ್ಲ, ತಡೆದು ನಿಲ್ಲಿಸುತ್ತದೆ, ಎರಡು ವರ್ಷ ಸಿಗಬಹುದು, ಅದಿಲ್ಲದಿದ್ದರೆ ದೀಪಾವಳಿ ಕಾಣುವುದು ಕಷ್ಟ ಎಂದೂ ಹೇಳಿದರು. ಮಗಳು ಗುಣವತಿ ಆಗತಾನೆ ಹತ್ತನೆಯ ತರಗತಿಗೆ ಹೋಗಿದ್ದಳು.

ಆ ಔಷಧ ತರಿಸಬೇಕಾದರೆ ಮನೆ ಮಾರಬೇಕು. ಬೇರೆ ದಾರಿ ಇರಲಿಲ್ಲ. ಬಂಡೆಪ್ಪ ಅದನ್ನು ಹೇಳಿದ್ದು ಒಂದು ರವಿವಾರ, ಹಿತ್ತಲಲ್ಲಿ. ಗೋಡೆಯ ಈಚೆ ನಾನು ಹಪ್ಪಳ ಒಣಹಾಕುತ್ತಿದ್ದೆ.

"ಮನಿ ಹೋದ್ರ ಹೋಗ್ಲಿ. ಬಾಡಿಗಿ ಮನ್ಯಾಗ ಮಂದಿ ಬಾಳೇ ಮಾಡೂದಿಲ್ಲೇನು?"

"ಬಾಳೇ ಮಾಡ್ತಾರ್ರಿ. ಸಾಯಾಕ ಬಿಡೂದಿಲ್ಲ."

"ಈಗ ಸಾಯೂ ಮಾತ್ಯಾಕ?"

"ಮತ್ತ ಯಾವಾಗ ಆಡ್ಲಿ? ಸತ್ತ ಮ್ಯಾಲ ಆಡ್ಲೇನು? ಬಾಡಿಗಿ ಮನ್ಯಾಗ ನನ್ನ ಎಲ್ಲಿ ಕೂಡಸ್ತೀರಿ, ಅದನ್ನ ಹೇಳ್ರಿ ಮೊದಲ."

ಈ ಮಾತು ಬೇರೆಯವರಿಗೆ ತಿಳಿಯಬೇಕಾದರೆ ಸ್ವಲ್ಪ ಹೇಳಬೇಕು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೇ ಮೈ ತೊಳೆದು, ಕಾಲು ಮಡಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವು, ಮುಂದೆ ಭಜನೆ. ಬಂದವರೆಲ್ಲ ಕೂತವರ ಮುಖ ನೋಡಿ ಹೋಗುತ್ತಾರೆ. ಕೂಡಿಸಿಕೊಂಡೇ ಒಯ್ದು ಕೂಡಿಸಿಯೇ ಮಣ್ಣು ಮಾಡುತ್ತಾರೆ. ಆದರೆ ಈ ಊರಿನಲ್ಲಿ ಬಾಡಿಗೆದಾರರ ಹೆಣವನ್ನು ಮನೆ ಮಾಲಕರು ಒಳಗೆ ಬಿಡುವುದಿಲ್ಲ. ಉಪ್ಪಲ್‌ನಲ್ಲಿ ಅವರದೇ ಬಳಗದ ಸಾವಿತ್ರಿಬಾಯಿಯ ಗಂಡ ತೀರಿಕೊಂಡಾಗ ಮಾಲಕ ಗೇಟಿಗೆ ಕೀಲಿ ಹಾಕಿದ್ದ. ರಸ್ತೆಯ ಬದಿಗೆ ಶಾಮಿಯಾನ ಹಾಕಿ, ಜಡಿಮಳೆಯಲ್ಲಿ, ಮೋರಿಯ ಪಕ್ಕ ಕೂಡಿಸಿದ್ದರು. ಶಿವದೇವಿ ಅದನ್ನು ಕಣ್ಣಾರೆ ನೋಡಿ ಬಂದವಳು.

"ನಾ ಹುಡುಕ್ತೀನಿ. ಮನಷ್ಯಾರಂಥ ಮಾಲಕರು ಒಬ್ಬರರ ಸಿಗ್ತಾರ" ಎಂದ ಬಂಡೆಪ್ಪ.

ಮೂರು ವಾರ ಹುಡುಕಿದ. ಅಂಗಡಿ ಮುಗಿಸಿ ಬೇಗಂಪೇಟೆಯಲ್ಲಿ ಇಳಿದು ಓಣಿ ಓಣಿ ತಿರುಗಿ ಬರುತ್ತಿದ್ದ. ಕಡೆಗೆ ಒಂದು ಸಂಜೆ ಜೋಲುಮುಖ ಹಾಕಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಶಿವದೇವಿ ಗೋಡೆಯ ಆಚೆ ನಿಂತಿದ್ದಳು.

"ತೆಲುಗು ಹೆಣ್ಣಮಗಳು, ಭಾಳ ಚಲೋ ಇದ್ಲರಿ ಬಾಯಾರ. ಕುಂದರಿಸಿ ಚಹಾ ಕೊಟ್ಲು. ಅಡ್ವಾನ್ಸೂ ಇಸಗೊಂಡ್ಲು. ಆಮ್ಯಾಲ, ಮನ್ಯಾಗ ಎಲ್ಲಾರೂ ಆರಾಮ ಅದೀರೇನಂತ ಕೇಳಿದ್ಲು. ಸುಳ್ಳ ಯಾಕ ಹೇಳ್ಬೇಕು, ಹೇಣ್ತಿಗಿ ಹಿಂಗಾಗೈತಿ ಅಂತ ಹೇಳಿದೆ."

"ಹೇಳಿದ ಮ್ಯಾಲ?" ಎಂದೆ.

"ಅಕಿ ಮಾರಿ ಸಣ್ಣದಾತು. ಹೆದರ್ಯಾಳಂತ ನಾನ ಸಮಾಧಾನ ಮಾಡಿದೆ. ಅಮ್ಮಾ, ನಮ್ಮೊಳಗ ಸೂತಕಿಲ್ಲ, ಮೈಲಿಗಿ ಇಲ್ಲ. ಮುಂದಿನ ಖೋಲ್ಯಾಗ ಗ್ವಾಡಿಗಿ ಆನಿಸಿ ಕೂಡಸ್ತೀವಿ, ಭಜನಿ ಮಾಡ್ತೀವಿ, ಸಂಜಿ ಆಗೂದರಾಗ ಒಯ್ತೀವಿ, ನಿಮಗೇನೂ ತ್ರಾಸಿಲ್ಲ ಅಂದೆ."

ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಸೂತಕವಿಲ್ಲದ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಅದೊಂದು ಧೈರ್ಯದ ಮಾತು. ಕೇಳುವವರಿಗೆ ಅದು ಹೇಗೆ ಕೇಳಿಸೀತು ಎಂಬುದು ಅವನ ತಲೆಗೇ ಹೋಗಿರಲಿಲ್ಲ.

"ಅಡ್ವಾನ್ಸು ಹೊಳ್ಳಿ ನನ್ನ ಕೈಯಾಗೂ ಕೊಡಲಿಲ್ಲರಿ. ಚಹಾದ ಬಸಿ ಮ್ಯಾಲ ಇಟ್ಟು ನೂಕಿದ್ಲು."

ಗೋಡೆಯ ಆಚೆ ಶಿವದೇವಿ ನಕ್ಕಳು. ನಕ್ಕರೆ ಬೆನ್ನು ಹಿಡಿಯುತ್ತಿತ್ತು, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡೇ ನಗುತ್ತಿದ್ದಳು. "ಮನಿ ಬಾಡಿಗಿಗಿ ಕೇಳಾಕ ಹೋಗಿ ಹೆಣಾ ಕೂಡಸೂದನ್ನ ತೋರಿಸಿ ಬಂದ್ರಿ ನೀವು. ಥಾನು ಬಿಚ್ಚಿದಂಗ."

ಬಂಡೆಪ್ಪ ನಗಲಿಲ್ಲ. ಮರುದಿನದಿಂದ ಮನೆ ಹುಡುಕುವುದನ್ನೂ ಬಿಟ್ಟ.

ಅಷ್ಟರಲ್ಲಿ ಕೊಳ್ಳುವವನೇ ಬಂದ. ಹನುಮಂತರಾಯನೆಂದು, ರಾಯಚೂರು ಕಡೆಯವನೇ, ಸ್ಟೇಷನ್ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇತ್ತು. ಮನೆ ನೋಡಿದ, ಒಪ್ಪಿದ. ಅವನ ಮಾತು ಮೊದಲಿಗೆ ದೇವರ ಮಾತಿನ ಹಾಗೆಯೇ ಇತ್ತು. "ನೀವು ಎಲ್ಲಿಗೂ ಹೋಗಬ್ಯಾಡ್ರಿ. ಇದ ಮನ್ಯಾಗ ಬಾಡಿಗಿ ಕೊಟ್ಟು ಇರ್ರಿ. ಹುಡಿಗಿ ಪರೀಕ್ಷಾ ಮುಗಿಯೂತನಾ ಯಾರೂ ಏಳಸೂದಿಲ್ಲ."

ಬಂಡೆಪ್ಪ ಕೈ ಮುಗಿದ. ಹನುಮಂತರಾಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ, ನೆಲ ನೋಡುತ್ತ ಹೇಳಿದ, "ಒಂದ ಮಾತು. ಮುಂದ ನಮ್ಮ ತಮ್ಮನ ಸಂಸಾರ ಇಲ್ಲೇ ಇರಾಕ ಬರೂದೈತಿ. ಹೆಚ್ಚುಕಮ್ಮಿ ಆಗೂ ಹಂಗ ಕಂಡ್ರ ದವಾಖಾನಿಗಿ ಒಯ್ದುಬಿಡ್ರಿ. ತಿರುಗಿ ಇಲ್ಲಿಗಿ ತರಬ್ಯಾಡ್ರಿ."

"ನಾ ಕಟ್ಟಿಸಿದ ಮನ್ಯಾಗ?" ಶಿವದೇವಿ ಒಳಗಿನಿಂದಲೇ ಕೇಳಿದಳು.

"ಆವಾಗ ಅದು ನಂದಾಗಿರತೈತಲ್ಲವಾ ತಂಗಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಎಂಟು ದಿನದಲ್ಲಿ ಹೇಳುತ್ತೇವೆಂದು ಬಂಡೆಪ್ಪ ಅವನನ್ನು ಕಳಿಸಿದ. ಆ ಎಂಟು ದಿನದಲ್ಲಿ ಶಿವದೇವಿಯ ಬೆನ್ನುನೋವು ಏರಿತ್ತು. ಸೌಟು ಎತ್ತಿದರೂ ಹಲ್ಲು ಕಚ್ಚುತ್ತಿದ್ದಳು. ಗುಣವತಿ ರೊಟ್ಟಿ ಬಡಿಯುತ್ತಿದ್ದಳು, ಅಂಚು ಹರಿಯುತ್ತಿತ್ತು. ಏಳನೆಯ ದಿನ ಬೆಳಿಗ್ಗೆ ಶಿವದೇವಿ ಗೋಡೆಯ ಬಳಿ ಬಂದಳು.

"ಬಾಯಾರ, ಸತ್ತಾಕಿಗಿ ತಾ ಎಲ್ಲಿ ಕುಂತೀನಂತ ಗೊತ್ತಾಗತೈತೇನ್ರಿ?"

"ನನಗೇನ ಗೊತ್ತವಾ. ಸತ್ತು ಹೊಳ್ಳಿ ಬಂದು ಹೇಳಿದವರಿಲ್ಲ."

"ನಾ ಅದನ್ನ ವಿಚಾರ ಮಾಡಾಕತ್ತಿದ್ದೆ. ಒಂದ ದಿನ ಈ ಪಡಸಾಲ್ಯಾಗ ಕುಂದರಬೇಕಂತ ಎರಡ ವರ್ಷ ಕೈಬಿಡಬೇಕಲ್ರಿ. ಗುಣವ್ವನ ಅಪ್ಪಗ ಜಡಿ ಹಾಕಾಕೂ ಬರೂದಿಲ್ಲ, ಗಂಜಿ ಕಾಸಾಕೂ ಬರೂದಿಲ್ಲ. ಎರಡ ವರ್ಷದಾಗ ಆ ಹುಡಿಗಿ ಅಷ್ಟು ದೊಡ್ಡದಾಗತೈತಿ." ಗೋಡೆಗೆ ಕೈ ಊರಿ, "ಮನಿ ಬರಕೊಡ್ತೀನಿ" ಎಂದಳು.

ಹಾಗೆನ್ನುವಾಗ ಅವಳ ಕಣ್ಣು ನನ್ನ ಹೆಗಲ ಮೇಲಿಂದ ನಮ್ಮ ಪಡಸಾಲೆಯ ಕಡೆ ಹೋಯಿತು. ನಮ್ಮದು ಸ್ವಂತ ಮನೆ. ಅವಳು ಬಾಯಿ ಬಿಟ್ಟು ಕೇಳಲಿಲ್ಲ. ಒಳಗೆ ನಮ್ಮ ಸೊಸೆ ಸುಹಾಸಿನಿ ಮಡಿಯುಟ್ಟು ದೇವರ ಪಾತ್ರೆ ತೊಳೆಯುತ್ತಿದ್ದಳು. ನಾನೂ ಏನೂ ಹೇಳಲಿಲ್ಲ.

ಶ್ರಾವಣದಲ್ಲಿ ನೋಂದಣಿ ಕಚೇರಿಗೆ ಹೋಗಿ ಸಹಿ ಮಾಡಿ ಬಂದಳು. ಔಷಧ ಶುರುವಾಯಿತು. ದೀಪಾವಳಿ ಬಂದಿತು, ಹೋಯಿತು. ಸಂಕ್ರಾಂತಿಯವರೆಗೆ ಅವಳು ಓಡಾಡಿಕೊಂಡಿದ್ದಳು. ಆಮೇಲೆ ಅದೇ ಡಾಕ್ಟರು, ಔಷಧ ಹಿಡಿಯುತ್ತಿಲ್ಲ, ಕೆಲವರಿಗೆ ಹೀಗಾಗುತ್ತದೆ ಎಂದರು. ಬಂಡೆಪ್ಪ ಎರಡು ವರ್ಷ ಎಂದಿದ್ದಿರಲ್ಲ ಎಂದು ಕೇಳಿದ್ದಕ್ಕೆ ಅವರು ಚೀಟಿ ಬರೆಯುತ್ತ ತಲೆಯೆತ್ತಲಿಲ್ಲವಂತೆ.

ಮಾರ್ಚಿನಲ್ಲಿ ಹನುಮಂತರಾಯ ಎರಡು ಸಲ ಬಂದು ಆರೋಗ್ಯ ವಿಚಾರಿಸಿಕೊಂಡು ಹೋದ. ಬಾಗಿಲೊಳಗೆ ಬರಲಿಲ್ಲ. ಗುಣವತಿಯ ಕಡೆಯ ಪರೀಕ್ಷೆ ಮುಗಿದ ಮರುದಿನ ಶಿವದೇವಿ ಗಂಡನಿಗೆ ಆಟೋ ಕರೆಸಿರಿ ಎಂದಳು. ಇನ್ನೂ ನಾಲ್ಕು ದಿನ ಇರಬಹುದು, ಅವಸರ ಬೇಡ ಎಂದು ಬಂಡೆಪ್ಪ ಅಂಗಲಾಚಿದ.

"ಈಗಾದ್ರ ನಾನ ನಡದು ಹೋಗ್ತೀನ್ರಿ. ನಾಕ ದಿನದ ಮ್ಯಾಲ ಎತ್ತಿಕೊಂಡು ಹೋಗ್ಬೇಕಾಗತೈತಿ. ಇನ್ನೊಬ್ಬರ ಮನ್ಯಾಗಿಂದ ನನ್ನ ಎತ್ತಿ ಹೊರಗ ಹಾಕಿದಂಗ ಆಗೂದು ಬ್ಯಾಡ."

ನಡೆದೇ ಹೋದಳು. ಪಡಸಾಲೆಯಿಂದ ಗೇಟಿನವರೆಗೆ ಎಷ್ಟು ಹೊತ್ತಾಯಿತೆಂದರೆ ಆಟೋದವನು ಇಳಿದು ಬಂದು ನಿಂತುಕೊಂಡ. ನನ್ನ ಕಡೆ ನೋಡಿ, "ಗುಣವ್ವ ರೊಟ್ಟಿ ಕೆಡಸಿದ್ರ ಬೈರಿ ಬಾಯಾರ" ಎಂದಳು.

ಐದನೆಯ ದಿನ ಬೆಳಗಿನ ಜಾವ ದವಾಖಾನೆಯಲ್ಲಿ ಹೋದಳು. ಕಾಗದಪತ್ರ ಮುಗಿದು ಹೆಣ ಕೈಗೆ ಸಿಗುವಷ್ಟರಲ್ಲಿ ಹನ್ನೊಂದಾಗಿತ್ತು. ಅಲ್ಲಿಂದ ಸೀದಾ ಅವರ ರುದ್ರಭೂಮಿಗೆ ಒಯ್ದರು. ಕಾವಲುಗಾರನ ತಗಡಿನ ಚಪ್ಪರದ ಕೆಳಗೆ ಜಾಗ ಮಾಡಿದ್ದರು. ಆದರೆ ದವಾಖಾನೆಯವರು ಅವಳನ್ನು ಮಲಗಿಸಿಯೇ ಇಟ್ಟಿದ್ದರು, ಮೈ ಸೆಟೆದುಹೋಗಿತ್ತು. ಮನೆಯಲ್ಲಾಗಿದ್ದರೆ ಉಸಿರು ನಿಂತ ಕೂಡಲೇ ಕಾಲು ಮಡಚುತ್ತಿದ್ದರು. ಅವರ ಜಂಗಮ ಅಯ್ಯನವರು ಬಿಸಿನೀರು ತರಿಸಿ ಮೊಣಕಾಲಿಗೆ ಸುರಿದು ಸುರಿದು ತಿಕ್ಕಿದರು. ಒಂದು ಕಾಲು ಬಾಗಿತು, ಇನ್ನೊಂದು ಬಾಗಲಿಲ್ಲ. ಬಂಡೆಪ್ಪ, "ಸಾಕ್ರಿ ಅಯ್ಯಾರ, ಅಕಿಗಿ ನೋಯತೈತಿ" ಎಂದ. ಅಯ್ಯನವರು ನೀರು ಸುರಿಯುವುದನ್ನು ನಿಲ್ಲಿಸಿದರು.

ಹಾಗೆಯೇ ಒಂದು ಕಾಲು ಚಾಚಿದಂತೆ ತಗಡಿನ ಗೋಡೆಗೆ ಆನಿಸಿ ಕೂಡಿಸಿದರು. ಗುಣವತಿ ಪಕ್ಕದಲ್ಲಿ ಕೂತು ಆ ಕಾಲಿನ ಮೇಲೆ ಸೀರೆ ಎಳೆದೆಳೆದು ಮುಚ್ಚುತ್ತಿದ್ದಳು. ನಾನು ಎದುರಿಗೆ ಅರ್ಧ ತಾಸು ಕೂತಿದ್ದು, ಮನೆಗೆ ಬಂದು, ಹಿತ್ತಲಿನಿಂದ ಹೋಗಿ ತಲೆಗೆ ನೀರು ಹಾಕಿಕೊಂಡೆ.