ಬಳಕೆದಾರರಿಗೆ ತಿಳಿವಳಿಕೆ ನೀಡಲಾಗಿದೆ

ಮೂರು ಚಕ್ರದ ಬ್ಯಾಟರಿ ಗಾಡಿಯ ಮೇಲೆ ಕುಳಿತ ಹೆಂಗಸನ್ನು ಕಂಡೊಡನೆ ಜನ ತಮ್ಮ ದನಿಯನ್ನು ಎರಡು ಮೆಟ್ಟಿಲು ಏರಿಸುವುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನನಗಂತೂ ಗಮನಿಸದೆ ಗತ್ಯಂತರವಿರಲಿಲ್ಲ, ಏಕೆಂದರೆ ಆ ಹೆಂಗಸು ನಾನೇ. ಕಾಲಿನ ನರವನ್ನೂ ಕಿವಿಯ ನರವನ್ನೂ ಸೃಷ್ಟಿಕರ್ತ ಒಂದೇ ಸ್ವಿಚ್ಚಿಗೆ ಜೋಡಿಸಿದ್ದಾನೆ ಎಂಬ ಶರೀರಶಾಸ್ತ್ರ ಎಲ್ಲರಿಗೂ ಹುಟ್ಟಿನಿಂದಲೇ ಕರಗತವಾದಂತಿದೆ. ಸಿಂಗಾಪುರದ ನಮ್ಮ ಪುಂಗೋಲ್ ಬಡಾವಣೆಯ ಕಾಫಿ ಅಂಗಡಿಯ ಆಂಟಿ ನನಗೆ ಸಕ್ಕರೆ ಬೇಕೇ ಎಂದು ಕೇಳುವ ಅಬ್ಬರಕ್ಕೆ ಪಕ್ಕದ ಮೇಜಿನವರೂ ಬೇಡವೆಂದು ತಲೆಯಾಡಿಸುತ್ತಾರೆ. ಇದು ಅಕ್ಕರೆಯ ಅಪಚಾರ, ಕ್ಷಮಿಸಬಹುದು. ಕ್ಷಮಿಸಲಾಗದ ಇನ್ನೊಂದು ಬಗೆಯಿದೆ. ಅದರ ಕಥೆಯನ್ನೇ ಹೇಳಹೊರಟಿದ್ದೇನೆ.

ಮೂರನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ನನ್ನ ಬಲಗಾಲನ್ನು ತನ್ನ ಪಾಲಿಗೆ ಬರೆಸಿಕೊಂಡು ಹೋದದ್ದು ಉಡುಪಿಯಲ್ಲಿ. ಅಂದಿನಿಂದ ಐವತ್ತು ದಾಟುವವರೆಗೂ ಕಾಲಿಗೊಂದು ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕೈಗೊಂದು ಕೋಲು, ಇವೆರಡರ ಬಲದಿಂದಲೇ ಓದಿದೆ, ಗಣಿತದ ಮೇಷ್ಟರಾದೆ, ಮದುವೆಯಾದೆ, ಗಂಡನ ಕೆಲಸದ ಬೆನ್ನಿಗೆ ಸಿಂಗಾಪುರಕ್ಕೂ ಬಂದೆ. ಈಗ ಸೆರಂಗೂನಿನ ಒಂದು ಟ್ಯೂಷನ್ ಸೆಂಟರಿನಲ್ಲಿ ಮಕ್ಕಳಿಗೆ ಬೀಜಗಣಿತದ ಭಯ ಬಿಡಿಸುತ್ತೇನೆ, ಅಥವಾ ಹಾಗೆಂದು ನಾನು ನಂಬಿದ್ದೇನೆ. ಆದರೆ ಅರ್ಧ ಶತಮಾನ ಕಾಲಿನ ಕೆಲಸವನ್ನೂ ಮಾಡಿದ ಭುಜ ಒಂದು ದಿನ ಸಂಪು ಹೂಡಿತು. ಡಾಕ್ಟರು, ಇನ್ನು ದೂರ ನಡೆಯುವುದು ಬೇಡ, ಗಾಡಿ ತೆಗೆದುಕೊಳ್ಳಿ ಎಂದರು. ಕೆಂಪು ಬಣ್ಣದ್ದನ್ನು ತೆಗೆದುಕೊಂಡೆ. ಲಿಟಲ್ ಇಂಡಿಯಾದಿಂದ ನಿಂಬೆಹಣ್ಣು ತಂದು ಮೂರು ಚಕ್ರದಡಿಗೂ ಒಂದೊಂದನ್ನಿಟ್ಟು, ದೃಷ್ಟಿ ತೆಗೆದು, ಹತ್ತಿ ಹೊರಟೆ.

ಆ ಮೊದಲ ಶನಿವಾರ ಬೆಳಿಗ್ಗೆ ಕಾಲುವೆಯ ದಂಡೆಯ ದಾರಿಯಲ್ಲಿ ಒಬ್ಬಳೇ ಸಾಗುತ್ತ, ಮುಂದೆ ನಡೆಯುತ್ತಿದ್ದ ಒಬ್ಬರನ್ನು ನಾನು ಹಿಂದೆ ಹಾಕಿದೆ. ಜೀವಮಾನದಲ್ಲಿ ಅದೇ ಮೊದಲು. ಅವರಿಗೆ ಎಂಬತ್ತರ ಹತ್ತಿರ ವಯಸ್ಸಿದ್ದೀತು, ಜೊತೆಗೆ ಅವರು ನಾಯಿಯನ್ನು ಬೇರೆ ಹಿಡಿದುಕೊಂಡಿದ್ದರು. ಇರಲಿ, ಗೆಲುವು ಗೆಲುವೇ. ಯಾರನ್ನೂ ಕಾಯಿಸದೆ, ಯಾರ ನಡಿಗೆಯನ್ನೂ ನಿಧಾನ ಮಾಡದೆ, ನನ್ನಿಷ್ಟದ ಕಡೆ ತಿರುಗಿ, ನನ್ನಿಷ್ಟದ ಮರದಡಿ ನಿಂತು ಮನೆಗೆ ಬಂದಾಗ ನನ್ನವರು ಮುಖ ನೋಡಿ, "ಏನು ಲಾಟರಿ ಹೊಡೀತಾ?" ಎಂದರು. ಹೆಚ್ಚುಕಡಿಮೆ ಹೌದು ಎಂದೆ.

ಮೂರನೆಯ ವಾರ ಗಾಡಿ ನಿಂತಿತು. ನಿಂತದ್ದು ಎಲ್ಲಿ ಎಂದರೆ, ಕಾಲುವೆ ಸುತ್ತಿ ಮನೆಗೆ ಮರಳುವಾಗ, ಪಾದಚಾರಿಗಳು ರಸ್ತೆ ದಾಟುವ ಪಟ್ಟೆಗಳ ನಟ್ಟನಡುವೆ. ಈ ಗಾಡಿಗಳ ವಿದ್ಯುತ್ತು ಕಡಿದರೆ ಬ್ರೇಕು ತಾನಾಗಿ ಬಿಗಿಯುತ್ತದೆ, ಅಲುಗುವುದಿಲ್ಲ. ಹಸಿರು ದೀಪದ ಅಂಕಿಗಳು ಇಳಿಯುತ್ತ ಸೊನ್ನೆ ತಲುಪಿದವು. ಎರಡು ಬಸ್ಸುಗಳು ನನ್ನೆದುರು ನಿಂತು, ಒಳಗಿದ್ದವರೆಲ್ಲ ಗಾಜಿನಾಚೆಯಿಂದ ನನ್ನನ್ನು ನೋಡಿದರು. ಆಫೀಸಿಗೆ ಹೊರಟ ಒಬ್ಬ ಹೆಂಗಸು ಓಡಿಬಂದು, ಬ್ರೇಕು ಸಡಿಲಿಸುವ ಹಿಂಬದಿಯ ಸನ್ನೆಕೋಲನ್ನು ನಾನು ಹೇಳಿದಂತೆ ತಿರುಗಿಸಿ, ಗಾಡಿಯನ್ನು ತಳ್ಳಿ ದಡ ಸೇರಿಸಿದಳು. ರಾಫೆಲ್ಸ್ ಪ್ಲೇಸಿನ ಆಫೀಸಿನಲ್ಲಿದ್ದ ಗಂಡನಿಗೆ ಫೋನು ಮಾಡಿದೆ. ಅವರು ಗಾಬರಿಯಿಂದ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ, "ನೀನೇನಾದ್ರೂ ಗೊತ್ತಿಲ್ದೆ ಬ್ರೇಕ್ ಹಿಡ್ಕೊಂಡಿದ್ಯಾ?" ಎಂದರು.

ನನ್ನ ಗಂಡ ರಾಘವ ಒಳ್ಳೆಯವರು. ಅದರ ಮೇಲೆ ಮೈಸೂರಿನವರು, ಹೋಟೆಲಿನವನು ತಪ್ಪು ತಿಂಡಿ ತಂದಿಟ್ಟರೂ ಅದೇ ತಮ್ಮ ಮನಸ್ಸಿನಲ್ಲಿತ್ತೆಂದು ತಿನ್ನುವಂಥವರು. ಅವರನ್ನು ಕರೆದುಕೊಂಡು ಗಾಡಿಯ ಅಂಗಡಿಗೆ ಹೋದೆ. ಅದೊಂದು ಕೈಗಾರಿಕಾ ಕಟ್ಟಡದ ನಾಲ್ಕನೆಯ ಮಹಡಿ. ಅಚ್ಚುಕಟ್ಟಾದ ಅಂಗಿ ತೊಟ್ಟ ಮ್ಯಾನೇಜರ್ ನನ್ನ ತಲೆಯ ಮೇಲಿಂದ ನೋಟ ಹಾಯಿಸಿ, "ಸರ್, ಮೇಡಮ್‌ಗೆ ಓಡಿಸಲು ಸರಿಯಾಗಿ ಬರುತ್ತದೆಯೇ?" ಎಂದು ವಿಚಾರಿಸಿದ. ನಾನು ಅಲ್ಲಿಯೇ, ಅವನ ಸೊಂಟದೆತ್ತರದಲ್ಲಿ, ಕುಳಿತಿದ್ದೆ. "ಅವಳಿಗೆ ಇದು ಹೊಸದು," ಎಂದರು ನನ್ನವರು, ಸೌಜನ್ಯದಿಂದ. ಮ್ಯಾನೇಜರ್ ಐದು ನಿಮಿಷ ಗಾಡಿ ಓಡಿಸಿ ನೋಡಿ, ಒಂದು ಚೀಟಿ ಕೊಟ್ಟ. ಅದರಲ್ಲಿ ಎರಡು ಸಾಲು: ತಂತಿ ಬಿಗಿಗೊಳಿಸಲಾಗಿದೆ. ಬಳಕೆದಾರರಿಗೆ ತಿಳಿವಳಿಕೆ ನೀಡಲಾಗಿದೆ.

ಎರಡನೆಯ ಸಲ ಗಾಡಿ ಆಯ್ದುಕೊಂಡ ಸ್ಥಳ ನಮ್ಮ ಬ್ಲಾಕಿನ ಲಿಫ್ಟಿನ ಹೊಸ್ತಿಲು. ಮಾರ್ಕೆಟ್ಟೆಲ್ಲ ಸುತ್ತಿ ಬಂದವಳು ಅರ್ಧ ಒಳಗೆ, ಅರ್ಧ ಹೊರಗೆ. ಲಿಫ್ಟಿನ ಬಾಗಿಲು ಮುಚ್ಚಲು ಬಂದು, ನನಗೆ ತಾಗಿ, ನಾಚಿದಂತೆ ಹಿಂದೆ ಸರಿದು, ಮತ್ತೆ ಬರುತ್ತಿತ್ತು. ಮೇಲಿನ ಮಹಡಿಗಳಲ್ಲಿ ಕಾದವರ ಶಾಪ ಇಳಿದುಬರಲು ಮಾತ್ರ ಲಿಫ್ಟು ಬೇಕಿರಲಿಲ್ಲ. ಅಂಗಡಿಯ ಎರಡನೆಯ ಚೀಟಿ: ಕನೆಕ್ಟರ್ ಬದಲಿಸಲಾಗಿದೆ. ಬಳಕೆದಾರರಿಗೆ ತಿಳಿವಳಿಕೆ ನೀಡಲಾಗಿದೆ. ಮೂರನೆಯ ಸಲ ಕಾಲುವೆಯ ಸೇತುವೆಯ ಏರಿನಲ್ಲಿ, ಮಟಮಟ ಮಧ್ಯಾಹ್ನ, ಅರ್ಧ ಗಂಟೆ ಒಬ್ಬಳೇ ಬೆಂದೆ. ಗಾಡಿ ಒಂದು ವಾರ ಅಂಗಡಿಯಲ್ಲಿದ್ದು ಮೂರನೆಯ ಚೀಟಿಯೊಂದಿಗೆ ಮರಳಿತು: ದೋಷ ಕಂಡುಬಂದಿಲ್ಲ. ಬಳಕೆದಾರರಿಗೆ ತಿಳಿವಳಿಕೆ ನೀಡಲಾಗಿದೆ.

ಮೂವತ್ತು ವರ್ಷ ಮಂದಿಗೆ ತಿಳಿವಳಿಕೆ ನೀಡಿ ಹೊಟ್ಟೆ ಹೊರೆದವಳಿಗೆ ಮೂರು ಸಲ ತಿಳಿವಳಿಕೆ. ಏನು ತಿಳಿಸಿದರೆಂದು ಕೇಳಬೇಡಿ, ಅದನ್ನೂ ಗಂಡನಿಗೇ ಹೇಳಿದ್ದರು. ಸಿಟ್ಟಿಗಿಂತ ಕೆಟ್ಟದ್ದೊಂದು ಸಂಭವಿಸಿತು: ನನಗೇ ನನ್ನ ಮೇಲೆ ಅನುಮಾನ ಬಂತು. ನಿಜವಾಗಿ ಬ್ರೇಕು ಹಿಡಿದಿದ್ದೆನೇ? ಈ ಅನುಮಾನ ನನಗೆ ಹಳೆಯ ಪರಿಚಯ. ಎಂಟು ವರ್ಷದವಳಿದ್ದಾಗ ಹೊಸ ಕ್ಯಾಲಿಪರು ಮಂಡಿಯ ಬಳಿ ಕಚ್ಚುತ್ತದೆಂದು ಅತ್ತರೆ, ಅದನ್ನು ಮಾಡಿಕೊಟ್ಟವನು ಅಪ್ಪನ ಹತ್ತಿರ, "ಮಗು ಸರಿಯಾಗಿ ನಡೆಯುವುದಿಲ್ಲ, ಅದಕ್ಕೇ," ಎಂದಿದ್ದ. ಸರಿಯಾಗಿ ನಡೆಯಲು ಬರುತ್ತಿದ್ದರೆ ಅವನ ಕ್ಯಾಲಿಪರು ನನಗೇಕೆ ಬೇಕಿತ್ತು? ಹದಿನೈದು ದಿನ ನಾನು ಸರಿಯಾಗಿ ನಡೆಯಲು ಯತ್ನಿಸಿದೆ. ಆಮೇಲೊಂದು ದಿನ ಕಾಲುಚೀಲದ ಮೇಲೆ ರಕ್ತ ಕಂಡ ಅಮ್ಮ ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ಸವರಿ, ಒಳಮುಖವಾಗಿ ಚಾಚಿದ್ದ ತಿರುಪನ್ನು ಪತ್ತೆಮಾಡಿದಳು.

ಈ ಸಲ ತಿರುಪನ್ನು ಪತ್ತೆಮಾಡಿದವರು ಪಕ್ಕದ ಮನೆಯ ಹಮೀದ್ ಅಂಕಲ್. ಬಸ್ಸು ಓಡಿಸಿ ನಿವೃತ್ತರಾದವರು, ಸಂಜೆ ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ ಎಂಬ ತೆರೆದ ಜಗಲಿಯಲ್ಲಿ ಕುಳಿತು ಗಾಳಿ ಸೇವಿಸುವವರು. ನನ್ನ ಕಥೆ ಕೇಳಿ ಅವರು ಮಾತಿನ ತುದಿಗೊಂದು 'ಲಾ' ಅಂಟಿಸುವ ಸಿಂಗಾಪುರದ ಮಾಮೂಲು ಇಂಗ್ಲಿಷಿನಲ್ಲಿ, "ಬಸ್ಸೂ ಹಾಗೇ ಲಾ. ಡಿಪೋದಲ್ಲಿ ಒಳ್ಳೆ ಮಗು, ರೋಡಿನಲ್ಲಿ ಸೈತಾನ," ಎಂದರು. ಬಳಿಕ ಕೇಳಿದರು: "ಹೊರಟು ಎಷ್ಟು ಹೊತ್ತಿಗೆ ನಿಲ್ಲುತ್ತೆ?"

ಯೋಚಿಸಿದೆ. ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಟ್ಯೂಷನ್ನಿಗೆ ಹೋಗುವ ಸಣ್ಣ ಓಟಗಳಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಮೂರು ಸಲವೂ ಸುಮಾರು ನಲವತ್ತು ನಿಮಿಷ ಬಿಡದೆ ಓಡಿಸಿದ ಮೇಲೆಯೇ ನಿಂತಿತ್ತು. "ಬಿಸಿಯಾದರೆ ಎಲ್ಲೋ ಕಡಿಯುತ್ತೆ," ಎಂದರು ಅಂಕಲ್. ಇಷ್ಟು ದಿನ ನನಗೆ ಎಲ್ಲರೂ ತಿಳಿವಳಿಕೆ ನೀಡಿದ್ದರು, ನನ್ನಿಂದ ತಿಳಿದುಕೊಳ್ಳಲೆಂದು ಪ್ರಶ್ನೆ ಕೇಳಿದವರು ಅವರೊಬ್ಬರೇ. ಜೊತೆಗೆ, ತಮ್ಮ ತಂಗಿಯ ಮಗಳು ಹಾಳು ವಾಷಿಂಗ್ ಮಷೀನನ್ನು ಲೆಮನ್ ಲಾ ಎಂಬ ಗ್ರಾಹಕರ ಕಾನೂನು ಹಿಡಿದು ವಾಪಸ್ ಕೊಟ್ಟ ಸಂಗತಿಯನ್ನೂ ಹೇಳಿದರು.

ನಮ್ಮಲ್ಲಿ ಹೊಸ ಗಾಡಿಯ ಕಾವಲಿಗಿಡುವ ನಿಂಬೆಹಣ್ಣು, ಇಂಗ್ಲಿಷಿನ ಆಡುಮಾತಿನಲ್ಲಿ ಪದೇಪದೇ ಕೈಕೊಡುವ ಗಾಡಿಯ ಹೆಸರೇ ಆಗಿದೆ. ಮೂರು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿದವಳು ನಾಲ್ಕನೆಯದರ ಮೇಲೆ ಕುಳಿತೇ ಹೊರಟಿದ್ದೆನೆಂದು ಆಗ ತಿಳಿಯಿತು. ಆ ಸಂಜೆಯೇ ಕುಳಿತು ಕಾನೂನನ್ನು ಓದಿದೆ. ಕೊಂಡ ಆರು ತಿಂಗಳೊಳಗೆ ದೋಷ ಕಂಡರೆ ಅದು ಕೊಳ್ಳುವಾಗಲೇ ಇತ್ತೆಂದು ಭಾವಿಸಬೇಕು. ಇರಲಿಲ್ಲವೆಂದು ಸಾಧಿಸುವ ಹೊಣೆ ಮಾರಿದವನದು. ಅವನು ದುರಸ್ತಿ ಮಾಡಬೇಕು ಅಥವಾ ಬದಲಿಸಿ ಕೊಡಬೇಕು. ಸಕಾಲದಲ್ಲಿ ಅದಾಗದಿದ್ದರೆ ಬೆಲೆ ಇಳಿಸಬೇಕು ಅಥವಾ ಹಣ ಮರಳಿಸಬೇಕು. ಗಣಿತದವಳಾದ ನಾನು ಆ ಸಾಲನ್ನು ಪ್ರಮೇಯದಂತೆ ಎರಡು ಸಲ ಓದಿದೆ. ಸಾಧಿಸುವ ಹೊಣೆ ನನ್ನದಲ್ಲ. ಆಡಿದ ಮಾತಿಗೆಲ್ಲ ಸಾಕ್ಷಿ ಒದಗಿಸುತ್ತಲೇ ಬೆಳೆದವಳನ್ನು ಮೊದಲು ನಂಬಿ ಆಮೇಲೆ ಮಾತಾಡುತ್ತೇನೆ ಎನ್ನುವ ಕಾನೂನೊಂದು ಈ ಭೂಮಿಯ ಮೇಲಿತ್ತು. ನಾನದನ್ನು ಕೇಳಿಯೇ ಇರಲಿಲ್ಲ.

ನಾಲ್ಕನೆಯ ಸಲ ಅಂಗಡಿಗೆ ಹೊರಟಾಗ ದಾರಿಯುದ್ದಕ್ಕೂ ನನ್ನವರು, "ಜಗಳ ಮಾತ್ರ ಬೇಡ," ಎನ್ನುತ್ತಿದ್ದರು. ಗಾಡಿ ಎಂದಿನಂತೆ ಅಂಗಡಿಯೊಳಗೆ ಅರಮನೆಯ ಕುದುರೆಯ ಹಾಗೆ ಓಡಿತು. "ನೋಡಿ ಸರ್," ಎಂದು ಮ್ಯಾನೇಜರ್ ನಕ್ಕ. ನಾನು ಮೂರು ಚೀಟಿಗಳನ್ನೂ ಮೇಜಿನ ಮೇಲೆ ಹರಡಿದೆ. "ಕೆಡದೇ ಇದ್ದದ್ದನ್ನು ಬಿಗಿ ಮಾಡಿದ್ದು ಯಾಕೆ, ಬದಲಿಸಿದ್ದು ಯಾಕೆ? ನಲವತ್ತು ನಿಮಿಷ ಓಡಿಸಿ, ಆಮೇಲೆ ಮಾತಾಡೋಣ," ಎಂದೆ. ಅಷ್ಟು ಸಮಯ ತನಗಿಲ್ಲವೆಂದು ಅವನು ಹೇಳಿದ್ದು, ಎಂದಿನಂತೆ, ರಾಘವರಿಗೆ.

ಆಗ ಜಗಳವೊಲ್ಲದ ನನ್ನ ಗಂಡ ಗಾಡಿಯ ಮೇಲೆ ಕುಳಿತು ಹೊರಟೇಬಿಟ್ಟರು. ಆ ಉದ್ದನೆಯ ಕಾರಿಡಾರಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ಇಸ್ತ್ರಿ ಮಾಡಿದ ಅಂಗಿಯ ಗೃಹಸ್ಥರು ಗಂಭೀರ ಮುಖದಿಂದ ಆ ತುದಿಗೊಮ್ಮೆ ಈ ತುದಿಗೊಮ್ಮೆ ಸಂಚರಿಸುವುದನ್ನು ಅಕ್ಕಪಕ್ಕದ ಅಂಗಡಿಗಳವರು ಹೊರಬಂದು ನೋಡಿದರು. ನಾನು ಗಡಿಯಾರ ನೋಡುತ್ತ ಕುಳಿತೆ. ಇಪ್ಪತ್ತು ನಿಮಿಷ, ಮೂವತ್ತು ನಿಮಿಷ. ಇವತ್ತು ಇದು ನಿಲ್ಲದಿದ್ದರೆ ಮುಂದೆಂದೂ ನನ್ನ ಮಾತು ನಿಲ್ಲದು ಎಂದುಕೊಂಡೆ. ಮೂವತ್ತೆಂಟನೆಯ ನಿಮಿಷಕ್ಕೆ ಸರಕಿನ ಲಿಫ್ಟಿನ ಎದುರು ಗಾಡಿ ಗಕ್ಕನೆ ನಿಂತಿತು. ರಾಘವ ಮುಂದಕ್ಕೆ ವಾಲಿದರು, ಕನ್ನಡಕ ಮೂಗಿನ ತುದಿಗೆ ಜಾರಿತು. ಅಂಗಡಿಯ ಬಾಗಿಲಿನಿಂದ ಮ್ಯಾನೇಜರ್ ಕೂಗಿ ಕೇಳಿದ: "ಸರ್, ನೀವು ಬ್ರೇಕ್ ಹಿಡಿದಿರಾ?"

ರಾಘವ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ಇಪ್ಪತ್ತೇಳು ವರ್ಷಗಳ ದಾಂಪತ್ಯದಲ್ಲಿ ಆ ನೋಟವನ್ನು ನಾನು ಕಂಡಿರಲಿಲ್ಲ.

ಮುಂದಿನದು ಬೇಗ ಮುಗಿಯಿತು. ಇನ್ನೊಮ್ಮೆ ದುರಸ್ತಿ ಮಾಡುತ್ತೇವೆಂದ ಮ್ಯಾನೇಜರ್‌ಗೆ, ಮೂರು ಸಲ ದುರಸ್ತಿಗೆ ಬಂದಿದೆ, ಆರು ತಿಂಗಳು ಆಗಿಲ್ಲ, ನನಗೆ ಹಣ ಮರಳಿಸಿ ಎಂದು ಕಾನೂನನ್ನು ಪಾಠದಂತೆ ಒಪ್ಪಿಸಿದೆ. ಅವನು ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, ಒಪ್ಪಿಗೆಯ ಕಾಗದವನ್ನು ರಾಘವರ ಮುಂದಿಟ್ಟ. ಅವರು ಅದನ್ನು ನನ್ನ ಕಡೆ ತಳ್ಳಿ, "ಗಾಡಿ ಅವಳದು," ಎಂದರು. ಅಭ್ಯಾಸಬಲದಿಂದ ಅದರಲ್ಲೂ ಅಚ್ಚಾಗಿದ್ದ ತಿಳಿವಳಿಕೆಯ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದೆ.

ಗೆದ್ದೆನಲ್ಲ, ಸಿಟ್ಟು ಇಳಿಯಬೇಕಿತ್ತು. ಕೋಲೂರಿಕೊಂಡು ಟ್ಯಾಕ್ಸಿಗಾಗಿ ಕಾಯುವಾಗ ಅದು ಇಮ್ಮಡಿಸಿತು. "ನಾನು ಕೂತಾಗ ಮೂರು ಸಲ ನಿಂತಿತು, ಲೆಕ್ಕಕ್ಕೇ ಬರ್ಲಿಲ್ಲ. ನೀವು ಕೂತಾಗ ಒಂದು ಸಲ ನಿಂತಿದ್ದೇ ಸಾಕ್ಷಿ ಆಯ್ತು. ಕಾನೂನು ನನ್ನ ಮಾತೇ ಸಾಕು ಅಂದ್ರೂ ಅವನಿಗೆ ಸಾಕಾಗ್ಲಿಲ್ಲ," ಎಂದೆ.

ರಾಘವ, "ಅವನನ್ನ ಬಿಡು," ಎಂದರು. "ನನಗೇ ಸಾಕಾಗಿರ್ಲಿಲ್ಲ. ಕೂತು ನೋಡ್ಬೇಕಾಯ್ತು."

ಆ ಮಾತಿಗೆ ನನ್ನಲ್ಲಿ ಕಟುವಾದ ಉತ್ತರಗಳು ಐದಾರಿದ್ದವು. ಒಂದನ್ನೂ ಬಳಸಲಿಲ್ಲ, ಏಕೆಂದರೆ ಅದು ಕ್ಷಮಾಪಣೆಯೆಂದು ನನಗೆ ಗೊತ್ತಾಗಿತ್ತು. ಈಗ ನನ್ನಲ್ಲಿ ಬೇರೆ ಅಂಗಡಿಯ ಬೇರೆ ಗಾಡಿಯಿದೆ. ನೀಲಿ ಬಣ್ಣ, ಸಾಧು ಸ್ವಭಾವ.

ಇಲ್ಲಿಗೇ ಮುಗಿಸಿದ್ದರೆ ನಾನು ಈ ಪ್ರಬಂಧದಿಂದ ಘನತೆಯೊಂದಿಗೆ ನಿರ್ಗಮಿಸಬಹುದಿತ್ತು. ಆದರೆ ಕಳೆದ ತಿಂಗಳು ಟ್ಯೂಷನ್ನಿನಲ್ಲಿ ಅನನ್ಯ ಎಂಬ ಹುಡುಗಿ, ಬೆಂಗಳೂರಿನವರ ಮಗಳು, ಹದಿಮೂರು ವರ್ಷದವಳು, ಒಂದು ಸಮೀಕರಣ ಬಿಡಿಸಿ ತಂದಳು. ಅವಳ ಉತ್ತರ, ಪಠ್ಯಪುಸ್ತಕದ ಕೊನೆಯಲ್ಲಿ ಅಚ್ಚಾದ ಉತ್ತರಕ್ಕೆ ಹೊಂದುತ್ತಿರಲಿಲ್ಲ. ಕೆಂಪು ಗೀಟು ಹಾಕಿ, ಎಲ್ಲೋ ಚಿಹ್ನೆ ತಪ್ಪಿದ್ದೀಯ, ಮತ್ತೆ ಮಾಡು ಎಂದೆ. ಮತ್ತೆ ಮಾಡಿದಳು, ಅದೇ ಬಂತು. "ಆಂಟಿ, ಬುಕ್ಕೇ ರಾಂಗ್ ಲಾ," ಎಂದಳು. ನಿಧಾನವಾಗಿ ಮಾಡು ಎಂದು ತಿಳಿವಳಿಕೆ ನೀಡಿದೆ. ಮೂರನೆಯ ಸಲ ಬಂದಾಗ ಅವಳ ಕಣ್ಣಲ್ಲಿ ತನ್ನ ಮೇಲೆಯೇ ಅನುಮಾನ ಮೂಡಿತ್ತು. ಪೆನ್ಸಿಲ್ ತೆಗೆದುಕೊಂಡು ನಾನೇ ಆ ಲೆಕ್ಕವನ್ನು ಮೊದಲಿನಿಂದ ಬಿಡಿಸಿದೆ. ಪುಸ್ತಕದ ಉತ್ತರ ತಪ್ಪಾಗಿತ್ತು.

ಅವಳ ಮೂರು ಉತ್ತರಗಳ ಪಕ್ಕದಲ್ಲೂ ಸರಿ ಗುರುತು ಹಾಕಿ, ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ. ಅವಳು ಹಿಗ್ಗುತ್ತಾಳೆಂದುಕೊಂಡಿದ್ದೆ. ಹಿಗ್ಗಲಿಲ್ಲ. ಚೀಲಕ್ಕೆ ಪುಸ್ತಕ ತುಂಬುತ್ತ, ತಲೆಯೆತ್ತದೆ, "ನಾನು ಮೊದ್ಲೇ ಹೇಳಿದ್ನಲ್ಲಾ, ಆಂಟಿ," ಎಂದಳು.

ಹೇಳಿದ್ದಳು.